ಅತಿಥಿ ಬರುವ ಮುನ್ನ ಮನೆ ಇರಬೇಕು

ಶಿಕಾರಿಪುರ, ಸೊರಬದ ಕಡೆ ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಟಿಕೆಟ್ ಕೊಡುವವರು. ಸಿಂಫನಿ ವಾದ್ಯವೃಂದದ ಕಂಡಕ್ಟರ್ ಬೇರೆಯೇ. ಅವರು ಯಾವ ವಾದ್ಯವನ್ನೂ ನುಡಿಸದೆ, ಕೈಯಲ್ಲೊಂದು ಸಣ್ಣ ಕೋಲು ಹಿಡಿದು ಎಂಬತ್ತು, ನೂರು ವಾದಕರ ಲಯವನ್ನೂ ಏರಿಳಿತವನ್ನೂ ಒಂದುಗೂಡಿಸುತ್ತಾರೆ. ಹೆಸರಾಂತ ನಿರ್ದೇಶಕರು ಬೇರೆ ಬೇರೆ ನಗರಗಳಿಗೆ ಅತಿಥಿಗಳಾಗಿ ಹೋಗಿ, ಕೆಲವೇ ದಿನಗಳ ತಾಲೀಮಿನ ನಂತರ ಕಛೇರಿ ನಡೆಸಿಕೊಡುವುದು ವಾಡಿಕೆ. 2023ರ ಆಗಸ್ಟ್‌ನಲ್ಲಿ ಜುಬಿನ್ ಮೆಹ್ತಾ ಮುಂಬೈಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ಮೊದಲ ಬಾರಿಗೆ ನಿರ್ದೇಶಿಸಿದಾಗ ಎಲ್ಲರ ಗಮನವೂ ಅವರ ಮೇಲಿದ್ದುದು ಸಹಜ. ಆದರೆ ಆ ಅತಿಥಿಗಾಗಿ ವಾದಕರನ್ನು ಸಿದ್ಧವಾಗಿಟ್ಟವರು ಯಾರು, ಅವರ ಸಂಬಳ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ.

ಈ ಪ್ರಶ್ನೆಗೆ ಹಿಂದೊಮ್ಮೆ ಮೈಸೂರಿನಿಂದಲೇ ಉತ್ತರ ಹೋಗಿತ್ತು. 1945ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಹಣದ ಮುಗ್ಗಟ್ಟಿನಲ್ಲಿದ್ದಾಗ ಜಯಚಾಮರಾಜ ಒಡೆಯರ್ ನೆರವಿಗೆ ಬಂದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಅವರು ಒಪ್ಪಿದರೆಂದು ಲೆಗ್ ಬರೆದುಕೊಂಡಿದ್ದಾರೆ. 1950ರ ಮೇ 22ರಂದು ಅದೇ ವೃಂದವನ್ನು ಜರ್ಮನಿಯ ವಿಲ್‌ಹೆಲ್ಮ್ ಫುರ್ಟ್‌ವ್ಯಾಂಗ್ಲರ್ ಅತಿಥಿಯಾಗಿ ನಿರ್ದೇಶಿಸಿದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊತ್ತಮೊದಲಿಗೆ ಹಾಡಿದ್ದು ಆ ಸಂಜೆ. ಅದಕ್ಕೂ ಖಾತರಿ ಹಣ ಒದಗಿಸಿದವರು ಮೈಸೂರಿನ ಮಹಾರಾಜರೇ. ಅವರಿಗೆ ಆಗ ಮೂವತ್ತು ವರ್ಷ. ಸ್ವತಃ ಹೋಗಲಾಗದ ಅವರಿಗೆ ಕಛೇರಿಯ ಧ್ವನಿಮುದ್ರಣವನ್ನು ಕಳುಹಿಸುವ ಏರ್ಪಾಡಾಗಿತ್ತು.

ಈ ಔದಾರ್ಯವನ್ನು ಹೊಗಳುವಾಗ ಅದರ ಮೂಲವನ್ನೂ ನೆನೆಯಬೇಕು. ಶಿಕಾರಿಪುರ, ಸೊರಬಗಳೂ ಮೈಸೂರು ಸಂಸ್ಥಾನದ ತಾಲ್ಲೂಕುಗಳಾಗಿದ್ದವು. ಅರಮನೆಯ ವೆಚ್ಚ ರಾಜ್ಯದ ಬೊಕ್ಕಸದಿಂದ ಸಲ್ಲುತ್ತಿತ್ತು. ಆ ಬೊಕ್ಕಸಕ್ಕೆ ಇಲ್ಲಿನ ಭತ್ತದ ಗದ್ದೆ, ಅಡಿಕೆ ತೋಟಗಳ ಕಂದಾಯವೂ ಸೇರುತ್ತಿತ್ತು. 1971ರಲ್ಲಿ ರಾಜಧನ ರದ್ದಾಯಿತು. ಪ್ರಜಾಪ್ರಭುತ್ವದಲ್ಲಿ ಅದು ಆಗಲೇಬೇಕಿತ್ತು. ಆದರೆ ವರ್ಷವಿಡೀ ಕಲಾವಿದರನ್ನು ಸಾಕುವ ಹೊಣೆಯನ್ನು ಅರಮನೆಯ ನಂತರ ಯಾರು ಹೊರಬೇಕೆಂಬುದನ್ನು ನಾವು ಸ್ಪಷ್ಟವಾಗಿ ನಿರ್ಧರಿಸಲಿಲ್ಲ.

ಮಾರುಕಟ್ಟೆ ಹೊರಲಿ ಎನ್ನುವವರಿದ್ದಾರೆ. ಅದರ ಮಿತಿಯನ್ನು ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ತೋರಿಸಿದ್ದಾರೆ. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಒಬ್ಬ ಕೆಲಸಗಾರನ ಉತ್ಪನ್ನ ಹೆಚ್ಚುತ್ತದೆ, ಕೂಲಿಯೂ ಏರುತ್ತದೆ. ಬೀಥೋವನ್‌ನ ಕೃತಿಗೆ ಮಾತ್ರ ಅಂದು ಬೇಕಾದಷ್ಟೇ ಜನ, ಅಷ್ಟೇ ಹೊತ್ತು ಇಂದೂ ಬೇಕು. ವಾದಕರ ಸಂಬಳ ಉಳಿದವರೊಂದಿಗೆ ಏರಬೇಕು, ಟಿಕೆಟಿನ ಹಣ ಆ ವೇಗದಲ್ಲಿ ಏರದು. ಹೀಗಾಗಿ ವೃಂದಸಂಗೀತ ಎಲ್ಲಿ ಉಳಿದಿದೆಯೋ ಅಲ್ಲಿ ಸರ್ಕಾರದ್ದೋ ದಾನಿಗಳದ್ದೋ ನಿಶ್ಚಿತ ಆಸರೆ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಶಿಕಾರಿಪುರ ತಾಲ್ಲೂಕಿಗೆ ಇದು ಹೊಸ ವಿಚಾರವಲ್ಲ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಅಲ್ಲಿ ಕಲಿಸುತ್ತಿದ್ದ ಶಾಸ್ತ್ರಗಳನ್ನು ಪಟ್ಟಿಮಾಡುತ್ತದೆ. ಬಡವರಿಗೆ, ಅಂಗವಿಕಲರಿಗೆ ಅನ್ನವಿಕ್ಕುತ್ತಿದ್ದುದನ್ನು ಹೇಳುವಾಗ ಕಥೆಗಾರರನ್ನೂ ಗಾಯಕ, ವಾದಕ, ನರ್ತಕರನ್ನೂ ಅದೇ ಸಾಲಿನಲ್ಲಿ ಹೆಸರಿಸುತ್ತದೆ. ಕಲಾವಿದನ ಊಟ ದತ್ತಿಯ ನಿತ್ಯದ ಖರ್ಚಿನಲ್ಲೇ ಸೇರಿತ್ತು, ಜಾತ್ರೆಯ ದಿನ ಕೊಡುವ ಸಂಭಾವನೆಗಷ್ಟೇ ಸೀಮಿತವಾಗಿರಲಿಲ್ಲ ಎಂಬುದು ಗಮನಾರ್ಹ.

ಇಂದು ನಮ್ಮ ಸಾರ್ವಜನಿಕ ವೆಚ್ಚದ ಒಲವು ಉತ್ಸವಗಳ ಕಡೆಗಿದೆ. ಸೊರಬಕ್ಕೆ ಹತ್ತಿರದ ಬನವಾಸಿಯಲ್ಲಿ ಕದಂಬೋತ್ಸವ ನಡೆಯುತ್ತದೆ. ಪ್ರಸಿದ್ಧರು ಬರುತ್ತಾರೆ, ಜನ ಸಂತೋಷಪಡುತ್ತಾರೆ. ತಪ್ಪೇನಿಲ್ಲ. ಆದರೆ ಪೆಂಡಾಲು ಬಿಚ್ಚಿದ ಮರುದಿನ ಡೊಳ್ಳಿನ ತಂಡದ ಹುಡುಗನಿಗೆ, ನಾದಸ್ವರ ಕಲಿಯಬಯಸುವ ಬಾಲಕಿಗೆ ಉಳಿಯುವುದೇನು? ಮೈಸೂರಿನಲ್ಲಿ 2009ರಲ್ಲಿ ಸಂಗೀತ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿಗೆ ತಲುಪುವ ಮೊದಲ ಮೆಟ್ಟಿಲು ತಾಲ್ಲೂಕಿನಲ್ಲಿರಬೇಕು.

ರಸ್ತೆ, ನೀರು, ಆಸ್ಪತ್ರೆಗಳಿಗೇ ಹಣ ಸಾಲದಿರುವಾಗ ಸಂಗೀತವೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲ್ಲಿ ಕೇಳುತ್ತಿರುವುದು ಹೊಸ ಹಣವನ್ನಲ್ಲ. ಉತ್ಸವಗಳಿಗೆ ಮೀಸಲಿಡುವ ಮೊತ್ತದಲ್ಲಿ ಒಂದು ನಿಶ್ಚಿತ ಪಾಲನ್ನು ತಾಲ್ಲೂಕಿಗೊಬ್ಬ ಕಾಯಂ ಸಂಗೀತ ಶಿಕ್ಷಕ, ಒಂದು ತಾಲೀಮು ಕೊಠಡಿ, ಒಂದಷ್ಟು ವಾದ್ಯಗಳಿಗೆ ತಿರುಗಿಸಿದರೆ ಸಾಕು. ಅದು ಪಾಶ್ಚಾತ್ಯ ಸಿಂಫನಿಯೇ ಆಗಬೇಕಿಲ್ಲ. ಡೊಳ್ಳು, ನಾದಸ್ವರ, ಪಿಟೀಲು ಯಾವುದಾದರೂ ಸರಿ. ಕಾಯಂ ಹುದ್ದೆಯ ಬಲಕ್ಕೆ ಪುರಾವೆ ಮೈಸೂರಿನಲ್ಲೇ ಇದೆ. ಅರಮನೆಯ ಕರ್ನಾಟಕ ಮತ್ತು ಇಂಗ್ಲಿಷ್ ವಾದ್ಯವೃಂದಗಳ ಪರಂಪರೆ ಉಳಿದಿರುವುದು ಪೊಲೀಸ್ ಬ್ಯಾಂಡಿನಲ್ಲಿ. ಅಲ್ಲಿ ವಾದಕನಿಗೆ ತಿಂಗಳ ಸಂಬಳವಿದೆ.

ಸೊರಬ ಸಂಗೀತಪ್ರಿಯರಾದ ಎಸ್. ಬಂಗಾರಪ್ಪನವರನ್ನೂ, ಶಿಕಾರಿಪುರ ಬಿ.ಎಸ್. ಯಡಿಯೂರಪ್ಪನವರನ್ನೂ ಶಾಸಕರನ್ನಾಗಿ ಆರಿಸಿತು, ಇಬ್ಬರೂ ಮುಖ್ಯಮಂತ್ರಿಗಳಾದರು. ರಾಜಕೀಯ ಬಲ ಕಂಡ ಈ ಎರಡು ತಾಲ್ಲೂಕುಗಳಲ್ಲೇ ಇಂಥ ಪ್ರಯೋಗ ಆರಂಭವಾಗಬಹುದು. ಐದು ವರ್ಷಗಳ ನಂತರ ಫಲಿತಾಂಶವನ್ನು ಅಳೆಯುವುದೂ ಕಷ್ಟವಲ್ಲ. ಎಷ್ಟು ಅತಿಥಿಗಳು ಬಂದುಹೋದರೆಂಬ ಲೆಕ್ಕ ಬೇಡ, ಊರಿನ ಎಷ್ಟು ಮಕ್ಕಳು ಇನ್ನೂ ತಾಲೀಮಿಗೆ ಬರುತ್ತಿದ್ದಾರೆಂದು ಹಾಜರಿ ಪುಸ್ತಕ ನೋಡಿದರಾಯಿತು.