ಸಂಶೋಧಕನ ಅರ್ಜಿಗೆ ಉತ್ತರಿಸುವವರು ಯಾರು?

ಗುಮಾಸ್ತನ ಮೇಜಿನಿಂದ ಅರ್ಜಿಯನ್ನು ಬಿಡಿಸಿ ಕಂಪ್ಯೂಟರಿಗೆ ಒಪ್ಪಿಸಿದರೆ ವಿಳಂಬ ಮತ್ತು ಲಂಚ ಎರಡಕ್ಕೂ ವಿದಾಯ ಹೇಳಬಹುದು ಎಂಬ ಭರವಸೆಯೊಂದಿಗೆ ಸರಕಾರಗಳು ಒಂದೊಂದಾಗಿ ಎಲ್ಲ ಬಾಗಿಲುಗಳನ್ನೂ ಪೋರ್ಟಲ್‌ಗಳಾಗಿ ಪರಿವರ್ತಿಸಿವೆ. 2015ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಬಂತು. 2019ರಲ್ಲಿ ಕರ್ನಾಟಕ ತನ್ನದೇ ಆದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ತೆರೆಯಿತು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ನೀಡುವ ಫೆಲೋಶಿಪ್‌ಗೆ ಸೇವಾ ಸಿಂಧು ತಾಣದ ಮೂಲಕ ಅರ್ಜಿ ಹಾಕಬೇಕು. 2023ರ ಕಾಯ್ದೆಯಂತೆ ಸ್ಥಾಪನೆಯಾದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಅನುದಾನಕ್ಕೂ ಅಂತರ್ಜಾಲವೇ ದಾರಿ.

ಈ ಬದಲಾವಣೆಯಿಂದ ಪ್ರಯೋಜನವೇ ಆಗಿಲ್ಲ ಎನ್ನುವುದು ಅನ್ಯಾಯವಾದೀತು. ಮಡಿಕೇರಿಯ ವಿದ್ಯಾರ್ಥಿನಿ ಒಂದು ಸಹಿಗಾಗಿ ಘಟ್ಟ ಇಳಿದು ಮಂಗಳೂರಿಗೋ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೋ ಹೋಗಬೇಕಾಗಿದ್ದ ಕಾಲವನ್ನು ಯಾರೂ ಮರಳಿ ಬಯಸುವುದಿಲ್ಲ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ನಡುವಿನ ಕೈಗಳು ಕಡಿಮೆಯಾದದ್ದೂ ನಿಜ. ಪ್ರಶ್ನೆ ಇರುವುದು ಬೇರೆಡೆ. ಕಾಗದದ ಕಾಲದಲ್ಲಿ ಅರ್ಜಿ ಕಳೆದುಹೋದರೆ ಅದನ್ನು ಕಳೆದವನಿಗೊಂದು ಹೆಸರಿತ್ತು, ಹುದ್ದೆಯಿತ್ತು, ಅವನ ಮೇಲೊಬ್ಬ ಅಧಿಕಾರಿಯಿದ್ದ. ಈಗ ಪರದೆಯ ಮೇಲೆ ಕೆಂಪಕ್ಷರದ ಒಂದು ಸಾಲು ಮೂಡಿದರೆ ಅದಕ್ಕೆ ಉತ್ತರಿಸುವವರು ಯಾರು?

ಕೊಡಗಿನಂಥ ಜಿಲ್ಲೆಯಿಂದ ನೋಡಿದಾಗ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. 2011ರ ಜನಗಣತಿಯ ಪ್ರಕಾರ ಐದೂವರೆ ಲಕ್ಷ ಜನಸಂಖ್ಯೆಯ, ರೈಲು ಹಳಿಯೇ ಇಲ್ಲದ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯದ್ದೇ ಆಡಳಿತ. ಮರ ಬಿದ್ದು ತಂತಿ ಕಡಿದರೆ ತೋಟದ ನಡುವಿನ ಮನೆಗಳಿಗೆ ವಿದ್ಯುತ್ ಮರಳಲು ದಿನಗಳೇ ಬೇಕು. ವಿದ್ಯುತ್ ಇಲ್ಲದಿದ್ದರೆ ಮೊಬೈಲ್ ಗೋಪುರವೂ ಮೌನ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಊರಿಗೆ ಊರೇ ಸಂಪರ್ಕ ಕಳೆದುಕೊಂಡದ್ದನ್ನು ನಾವು ಕಂಡಿದ್ದೇವೆ. ಕೊರೋನಾ ಕಾಲದ 2021ರಲ್ಲಿ ಸೋಮವಾರಪೇಟೆ ತಾಲೂಕಿನ ಮುಳ್ಳೂರಿನ ಶಾಲಾ ಶಿಕ್ಷಕರೊಬ್ಬರು ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣೆ ಕಟ್ಟಿ ಪಾಠ ಮಾಡಿದ್ದನ್ನು ಪತ್ರಿಕೆಗಳು ಮೆಚ್ಚಿ ಬರೆದವು. ಶಿಕ್ಷಕರ ನಿಷ್ಠೆ ಮೆಚ್ಚುವಂಥದ್ದೇ. ಆದರೆ ಮರ ಹತ್ತಬೇಕಾದ ಸ್ಥಿತಿಯನ್ನು ಉಳಿಸಿಕೊಂಡ ವ್ಯವಸ್ಥೆಯ ಬಗ್ಗೆ ಅಷ್ಟೇ ದೊಡ್ಡ ಶೀರ್ಷಿಕೆ ಬರಲಿಲ್ಲ. ಕೊನೆಯ ದಿನಾಂಕವನ್ನು ದಿಲ್ಲಿಯಲ್ಲಿ ಕುಳಿತು ನಿಗದಿಪಡಿಸುವವರಿಗೆ ಭಾಗಮಂಡಲದ ಮಳೆಯ ಲೆಕ್ಕ ಇರುವುದಿಲ್ಲ.

ಇನ್ನು ಹೆಸರಿನ ವಿಷಯ. ಮೇಲ್ನೋಟಕ್ಕೆ ಇದು ಚಿಕ್ಕದೆನಿಸಬಹುದು. ಆದರೆ ಮುಸ್ಲಿಮ್ ಅರ್ಜಿದಾರರು ಎಡವುವ ಮುಖ್ಯ ಜಾಗಗಳಲ್ಲಿ ಇದೂ ಒಂದು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ‘ಮೊಹಮ್ಮದ್’ ಎಂಬುದು ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪ, ಆಧಾರ್‌ನಲ್ಲಿ ಪೂರ್ಣರೂಪ, ಬ್ಯಾಂಕ್ ಪುಸ್ತಕದಲ್ಲಿ ‘ಮುಹಮ್ಮದ್’. ‘ಕುಂಞಿ’ ಎಂಬ ಮಲಯಾಳ ಮೂಲದ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯಲು ಎಷ್ಟು ಗುಮಾಸ್ತರಿದ್ದಾರೋ ಅಷ್ಟು ವಿಧಾನಗಳಿವೆ. ಜೊತೆಗೆ ಮನೆತನದ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ಮದುವೆಯಾದ ಬಳಿಕ ಸೇರಿಕೊಳ್ಳುವ ಗಂಡನ ಹೆಸರು. ಎದುರಿಗೆ ಮನುಷ್ಯನಿದ್ದರೆ ಒಂದು ಅಫಿದಾವಿತ್ ನೋಡಿ ಸಮಾಧಾನ ಹೊಂದುತ್ತಿದ್ದ. ಯಂತ್ರಕ್ಕೆ ಒಂದಕ್ಷರ ವ್ಯತ್ಯಾಸವಾದರೂ ಇಬ್ಬರು ವ್ಯಕ್ತಿಗಳು. ಪಿಎಚ್‌ಡಿಗೆ ನೋಂದಾಯಿಸಿದ ಹೆಣ್ಣು ಮಗಳು ತನ್ನ ಸಂಶೋಧನೆಯ ಮೊದಲ ವರ್ಷವನ್ನು ತಾನು ತಾನೇ ಎಂದು ಸಾಬೀತುಪಡಿಸುವುದರಲ್ಲಿ ಕಳೆಯಬೇಕೇ?

ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ನ ಕಥೆ ಇಲ್ಲಿ ನೆನಪಿಸಿಕೊಳ್ಳಲೇಬೇಕಾದದ್ದು. ಸಾಚಾರ್ ಸಮಿತಿಯ ವರದಿಯ ಬಳಿಕ, 2009ರಲ್ಲಿ ಆರಂಭವಾದ ಈ ಯೋಜನೆ ಅಲ್ಪಸಂಖ್ಯಾತ ಸಮುದಾಯಗಳ ಬಡ ಸಂಶೋಧಕರಿಗೆ ಐದು ವರ್ಷಗಳ ನೆರವು ನೀಡುತ್ತಿತ್ತು. ಸರಕಾರವೇ ಲೋಕಸಭೆಗೆ ನೀಡಿದ ಮಾಹಿತಿಯಂತೆ 2014-15ರಿಂದ 2021-22ರ ನಡುವೆ 6,722 ಮಂದಿ ಇದರ ಫಲಾನುಭವಿಗಳು. ಹಣ ಪಾವತಿಯ ವಿಧಾನ ಹೇಗಿತ್ತೆಂದರೆ, ಸಂಶೋಧಕ ಪ್ರತಿ ತಿಂಗಳೂ ತಾನು ಕೆಲಸ ಮಾಡುತ್ತಿದ್ದೇನೆಂಬ ದೃಢೀಕರಣ ಸಲ್ಲಿಸಬೇಕು. ವಿಶ್ವವಿದ್ಯಾಲಯದ ಒಬ್ಬ ಸಿಬ್ಬಂದಿ ಅದನ್ನು ಬ್ಯಾಂಕಿನ ಪೋರ್ಟಲ್‌ಗೆ ಏರಿಸಬೇಕು. ಇನ್ನೊಬ್ಬ ಅದನ್ನು ಪರಿಶೀಲಿಸಿ ಒಪ್ಪಬೇಕು. ಈ ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದರೆ, ವರ್ಗವಾದರೆ, ಅಥವಾ ಗುಪ್ತಪದ ಮರೆತರೆ ಆ ತಿಂಗಳ ಹಾಸ್ಟೆಲ್ ಬಾಡಿಗೆ ಬಾಕಿ. 2022ರಲ್ಲಿ ನಿರ್ವಹಣೆಯ ಹೊಣೆ ಯುಜಿಸಿಯಿಂದ ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮಕ್ಕೆ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಇತರ ಯೋಜನೆಗಳಲ್ಲೂ ಇದೇ ಸೌಲಭ್ಯವಿದೆ ಎಂಬ ಕಾರಣ ನೀಡಿ ಯೋಜನೆಯನ್ನೇ ಸ್ಥಗಿತಗೊಳಿಸಲಾಯಿತು. ಅದಾಗಲೇ ಆಯ್ಕೆಯಾದವರಿಗೆ ಅವಧಿ ಮುಗಿಯುವ ತನಕ ಹಣ ಸಿಗುತ್ತದೆ ಎಂದರು. ಅವರೇ 2025ರಲ್ಲಿ ತಿಂಗಳುಗಟ್ಟಲೆ ಬಿಡಿಗಾಸಿಲ್ಲದೆ ಬೀದಿಗಿಳಿಯಬೇಕಾಯಿತು.

ಪಾರದರ್ಶಕತೆಯ ಹೆಸರಿನಲ್ಲಿ ಇಷ್ಟೆಲ್ಲ ಕಷ್ಟ ಸಹಿಸಬೇಕು ಎಂದು ವಾದಿಸುವವರಿದ್ದಾರೆ. ಹಾಗಾದರೆ ವಂಚನೆ ನಿಂತಿತೇ? ಅಲ್ಪಸಂಖ್ಯಾತ ವಿದ್ಯಾರ್ಥಿವೇತನ ಪಡೆದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯವಾಗಿದ್ದವು ಎಂಬ ಸತ್ಯ 2023ರಲ್ಲಿ ಹೊರಬಿತ್ತು. ನಷ್ಟದ ಅಂದಾಜು 144 ಕೋಟಿ ರೂಪಾಯಿ. ತನಿಖೆ ಸಿಬಿಐಗೆ ಹೋಯಿತು. ಇದು ನಡೆದದ್ದು ಕಾಗದದ ಕಾಲದಲ್ಲಲ್ಲ, ಎಲ್ಲವೂ ಪೋರ್ಟಲ್ ಮೂಲಕ ಸಾಗುತ್ತಿದ್ದ 2017ರಿಂದ 2022ರ ನಡುವೆ. ಇಲ್ಲದ ಶಾಲೆ, ಇಲ್ಲದ ವಿದ್ಯಾರ್ಥಿ ಪೋರ್ಟಲ್‌ನ ಎಲ್ಲ ಹಂತಗಳನ್ನೂ ಸಲೀಸಾಗಿ ದಾಟಿದರು. ಹೆಸರಿನ ಒಂದಕ್ಷರ ತಪ್ಪಿದ ನಿಜವಾದ ವಿದ್ಯಾರ್ಥಿ ದಾಟಲಿಲ್ಲ. ಹಗರಣದ ಬಳಿಕ ಬೆರಳಚ್ಚು ನೀಡಲು ಸಾಲಿನಲ್ಲಿ ನಿಂತವರೂ ಪ್ರಾಮಾಣಿಕರೇ. ವಿಪರ್ಯಾಸವೆಂದರೆ ಕದ್ದವರ ಪಾಪವನ್ನು ಇಡೀ ಸಮುದಾಯದ ಖಾತೆಗೆ ಬರೆಯಲು ಕೆಲವರಿಗೆ ಇದೇ ಸಾಕಾಯಿತು.

ಅಮೆರಿಕದಂಥ ಶ್ರೀಮಂತ ದೇಶವೂ ಇದೇ ದಾರಿಯಲ್ಲಿ ಮುಗ್ಗರಿಸಿದೆ. ಅಲ್ಲಿನ ಎಲ್ಲ ಕೇಂದ್ರ ಅನುದಾನಗಳಿಗೂ ಒಂದೇ ತಾಣವೆಂದು 2003ರಲ್ಲಿ ‘ಗ್ರಾಂಟ್ಸ್ ಡಾಟ್ ಗವ್’ ಆರಂಭವಾದಾಗ ಅದರ ಅರ್ಜಿ ನಮೂನೆ ಆಪಲ್ ಕಂಪ್ಯೂಟರ್‌ಗಳಲ್ಲಿ ನೇರವಾಗಿ ತೆರೆದುಕೊಳ್ಳುತ್ತಿರಲಿಲ್ಲ. 2009ರಲ್ಲಿ ಆರ್ಥಿಕ ಪ್ಯಾಕೇಜಿನ ಅರ್ಜಿಗಳು ನುಗ್ಗಿ ತಾಣ ಬಸವಳಿದಾಗ, ಬೇರೆ ಮಾರ್ಗದಿಂದಲೂ ಅರ್ಜಿ ಪಡೆಯಬಹುದೆಂದು ಅಲ್ಲಿನ ಆಡಳಿತ ಇಲಾಖೆಗಳಿಗೆ ಅನುಮತಿ ನೀಡಿತು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೊನೆಯ ದಿನಾಂಕ ದಾಟಿದ ಮೇಲೂ ತಪ್ಪು ತಿದ್ದಲು ಕೆಲವು ದಿನಗಳನ್ನು ಕೊಡುತ್ತಿತ್ತು. ಹೊಸ ಪದ್ಧತಿ ರೂಢಿಯಾದ ಬಳಿಕವಷ್ಟೇ, 2011ರಲ್ಲಿ, ಆ ರಿಯಾಯಿತಿ ನಿಂತಿತು. ಯಂತ್ರ ತಪ್ಪಬಹುದು ಎಂಬುದನ್ನು ವ್ಯವಸ್ಥೆ ಮೊದಲೇ ಒಪ್ಪಿಕೊಂಡಿತ್ತು.

ನಮ್ಮಲ್ಲೂ ಇದಕ್ಕೆ ಬೇಕಾದ ಕಾನೂನಿನ ಕಲ್ಪನೆ ಹೊಸದಲ್ಲ. ಕರ್ನಾಟಕದ 2011ರ ಸಕಾಲ ಕಾಯ್ದೆ, ನಿಗದಿತ ದಿನದೊಳಗೆ ಸೇವೆ ಒದಗಿಸದ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ತನಕ ಪರಿಹಾರ ಪಡೆಯುವ ಹಕ್ಕನ್ನು ನಾಗರಿಕನಿಗೆ ನೀಡಿದೆ. ಮೊತ್ತ ಅಲ್ಪವೇ. ಆದರೆ ತಡವಾದರೆ ಅದು ಕಚೇರಿಯ ತಪ್ಪು ಎಂಬ ತತ್ವ ಅದರಲ್ಲಿದೆ. ಫೆಲೋಶಿಪ್ ಮತ್ತು ಸಂಶೋಧನಾ ಅನುದಾನದ ಅರ್ಜಿಗಳಿಗೂ ಈ ತತ್ವ ಏಕೆ ಅನ್ವಯವಾಗಬಾರದು? ತಾಣ ಸ್ಥಗಿತಗೊಂಡ ದಿನಗಳನ್ನು ಲೆಕ್ಕ ಹಾಕಿ ಕೊನೆಯ ದಿನಾಂಕವನ್ನು ತಾನಾಗಿಯೇ ಮುಂದೂಡಬೇಕು. ಜಿಲ್ಲಾಧಿಕಾರಿ ಮಳೆಗಾಗಿ ಶಾಲೆಗಳಿಗೆ ರಜೆ ಸಾರಿದ ದಿನಗಳೂ ಆ ಲೆಕ್ಕಕ್ಕೆ ಸೇರಬೇಕು. ತಿರಸ್ಕೃತ ಅರ್ಜಿಗೆ ಕಾರಣವನ್ನು ಕನ್ನಡದಲ್ಲಿ, ಅಧಿಕಾರಿಯ ಹೆಸರಿನೊಂದಿಗೆ ಲಿಖಿತವಾಗಿ ಕೊಡಬೇಕು. ಮಡಿಕೇರಿಯ ಅಲ್ಪಸಂಖ್ಯಾತರ ಇಲಾಖೆಯ ಕಚೇರಿಗೆ, ಪೋರ್ಟಲ್ ಸೋತಲ್ಲಿ ಕಾಗದದ ಅರ್ಜಿ ಸ್ವೀಕರಿಸಿ ರಶೀದಿ ನೀಡುವ ಅಧಿಕಾರವಿರಬೇಕು. ಇವು ಯಾವುದೂ ಕೋಟಿಗಟ್ಟಲೆ ಖರ್ಚಿನ ಬೇಡಿಕೆಗಳಲ್ಲ.

ಸಮುದಾಯವೂ ಸುಮ್ಮನೆ ಕುಳಿತಿರುವಂತಿಲ್ಲ. ವಿರಾಜಪೇಟೆ, ಪೊನ್ನಂಪೇಟೆ, ಕುಶಾಲನಗರಗಳ ಮಹಲ್ಲುಗಳಲ್ಲಿ ಕಂಪ್ಯೂಟರ್ ಬಲ್ಲ ಯುವಕ ಯುವತಿಯರಿಗೆ ಕೊರತೆಯಿಲ್ಲ. ಜಮಾಅತ್‌ಗಳು ವರ್ಷದ ಆರಂಭದಲ್ಲೇ ಮಕ್ಕಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಹೆಸರಿನ ವ್ಯತ್ಯಾಸ ತಿದ್ದಿಸಿದರೆ, ಹತ್ತು ವರ್ಷಗಳ ಬಳಿಕ ಒಬ್ಬ ಸಂಶೋಧಕಿಯ ಒಂದು ವರ್ಷ ಉಳಿದೀತು. ನಮ್ಮ ಸಹಾಯ ಕೇಂದ್ರಗಳು ಪಡಿತರ ಚೀಟಿ ಮತ್ತು ಪಿಂಚಣಿಯ ಅರ್ಜಿಗಳಾಚೆಗೂ ಕೈ ಚಾಚಲಿ.

ಕೊನೆಯದಾಗಿ ಇನ್ನೊಂದು ಮಾತು. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾದಾಗ, ಸಂಶೋಧನೆಯ ಕಡತಗಳಿಗಾಗಿ ಕೊಣಾಜೆಗೆ ಘಟ್ಟ ಇಳಿಯುವುದು ತಪ್ಪಿತೆಂದು ಜಿಲ್ಲೆ ಸಂತೋಷಪಟ್ಟಿತ್ತು. ಎರಡೇ ವರ್ಷಗಳಲ್ಲಿ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಆರ್ಥಿಕ ಕಾರಣ ನೀಡಿ ಮುಚ್ಚಲು ಹೊರಟ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇದೂ ಇತ್ತು. ಪೋರ್ಟಲ್‌ನಲ್ಲಿ ಅರ್ಜಿದಾರನ ಮೊದಲ ಗುರುತು ಅವನ ಸಂಸ್ಥೆಯ ಹೆಸರು. ಅವನ ಹಾಜರಿಯನ್ನು ದೃಢೀಕರಿಸಬೇಕಾದದ್ದು ಅದೇ ಸಂಸ್ಥೆಯ ಅಧಿಕಾರಿ. ವಿಶ್ವವಿದ್ಯಾಲಯದ ಅಳಿವು ಉಳಿವಿನ ಬಗ್ಗೆ ಮಾತನಾಡುವ ಸಚಿವರು, ಆ ಸಂಸ್ಥೆ ವಿಲೀನಗೊಂಡರೆ ಅದರ ಸಂಶೋಧಕರ ಅರ್ಜಿಗಳನ್ನು ಯಾರು, ಎಷ್ಟು ದಿನಗಳಲ್ಲಿ ವರ್ಗಾಯಿಸುತ್ತಾರೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.