ನಾಯಿಯ ಮಂಡಿ: ಶಸ್ತ್ರಚಿಕಿತ್ಸೆಯ ನಂತರದ ಹನ್ನೆರಡು ವಾರ

ಚೆಂಡಿನ ಹಿಂದೆ ಓಡಿದ ದೊಡ್ಡ ನಾಯಿ ತಟ್ಟನೆ ಕುಂಯ್‌ಗುಟ್ಟಿ, ಹಿಂಗಾಲೊಂದನ್ನು ಎತ್ತಿಕೊಂಡು ಮೂರು ಕಾಲಲ್ಲಿ ಮರಳಿ ಬರುತ್ತದೆ. ಕಾಲು ಉಳುಕಿರಬೇಕೆಂದು ಮನೆಯವರು ಎಣ್ಣೆ ಹಚ್ಚಿ ನೀವುತ್ತಾರೆ. ನಾಲ್ಕಾರು ದಿನಗಳಲ್ಲಿ ಕುಂಟು ಕಡಿಮೆಯಾಗುತ್ತದೆ, ಎಲ್ಲರೂ ಮರೆಯುತ್ತಾರೆ. ತಿಂಗಳು ಕಳೆಯುವುದರೊಳಗೆ ಅದೇ ಕಾಲು ಮತ್ತೆ ಮೇಲೇಳುತ್ತದೆ. ಲ್ಯಾಬ್ರಡಾರ್, ರಾಟ್‌ವೈಲರ್‌ಗಳಂಥ ಭಾರಿ ನಾಯಿಗಳಲ್ಲಿ ಹೀಗಾದಾಗ ಮಂಡಿಯೊಳಗಿನ ಅಸ್ಥಿರಜ್ಜು ಹರಿದಿರಬಹುದೆಂದು ಅನುಮಾನಿಸಬೇಕು.

ಅಸ್ಥಿರಜ್ಜು ಎಂದರೆ ಎರಡು ಮೂಳೆಗಳನ್ನು ಬಿಗಿಹಿಡಿಯುವ ಗಟ್ಟಿ ನಾರಿನ ಪಟ್ಟಿ, ಆಡುಮಾತಿನ ಲಿಗಮೆಂಟ್. ಮಂಡಿಯೊಳಗೆ ಇಂಥ ಎರಡು ಪಟ್ಟಿಗಳು ಕತ್ತರಿಯಾಕಾರದಲ್ಲಿ ಹಾಯ್ದಿರುತ್ತವೆ. ಮುಂದಿನ ಪಟ್ಟಿ ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುತ್ತದೆ. ಫುಟ್‌ಬಾಲ್ ಆಟಗಾರರಲ್ಲಿ ಇದು ಸಾಮಾನ್ಯವಾಗಿ ಒಂದೇ ತಿರುಚಿಗೆ ಹರಿಯುತ್ತದೆ. ನಾಯಿಗಳಲ್ಲಿ ಬಹುಪಾಲು ಹಾಗಲ್ಲ. ಬಾವಿಯ ಹಳೆಯ ಹಗ್ಗದಂತೆ ಎಳೆ ಎಳೆಯಾಗಿ ಸವೆದು, ಕೊನೆಗೊಂದು ಜಿಗಿತಕ್ಕೆ ತುಂಡಾಗುತ್ತದೆ. ಆದ್ದರಿಂದಲೇ ಒಂದು ಮಂಡಿ ಕೆಟ್ಟ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯೂ ಕೆಡುತ್ತದೆ.

ಪಶುವೈದ್ಯರು ತೊಡೆಮೂಳೆಯನ್ನು ಒಂದು ಕೈಯಲ್ಲಿ, ಕೆಳಗಾಲಿನ ಮೂಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಜಾರಿಸಿ ನೋಡುತ್ತಾರೆ. ಮೇಜಿನ ಖಾನೆಯಂತೆ ಮೂಳೆ ಮುಂದಕ್ಕೆ ಬಂದರೆ ಪಟ್ಟಿ ಹರಿದಿದೆ ಎಂದರ್ಥ. ಎಕ್ಸ್‌-ರೇಯಲ್ಲಿ ಪಟ್ಟಿ ಕಾಣುವುದಿಲ್ಲ. ಕೀಲಿನಲ್ಲಿ ತುಂಬಿದ ನೀರು, ಸವೆತದ ಗುರುತುಗಳು ಕಾಣುತ್ತವೆ.

ಎಲ್ಲ ನಾಯಿಗಳಿಗೂ ಶಸ್ತ್ರಚಿಕಿತ್ಸೆ ಬೇಕೇ? ಶಸ್ತ್ರಚಿಕಿತ್ಸೆ ಇಲ್ಲದೆ ಉಪಚರಿಸಿದ 85 ನಾಯಿಗಳ ಬಗ್ಗೆ 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. 15 ಕಿಲೋ ತೂಕದೊಳಗಿನ ನಾಯಿಗಳಲ್ಲಿ ಶೇ. 85ರಷ್ಟು ಸುಧಾರಿಸಿದ್ದವು. ಅದಕ್ಕಿಂತ ಭಾರದವುಗಳಲ್ಲಿ ಸುಧಾರಿಸಿದ್ದು ಶೇ. 20ಕ್ಕೂ ಕಡಿಮೆ. ಮೂವತ್ತು ಕಿಲೋ ತೂಗುವ, ಓಡದೆ ಇರಲಾರದ ನಾಯಿಗೆ ವಿಶ್ರಾಂತಿಯೊಂದೇ ಸಾಲದು.

ಹರಿದ ಪಟ್ಟಿಯನ್ನು ಹೊಲಿದು ಜೋಡಿಸಲಾಗುವುದಿಲ್ಲ. ಹಳೆಯ ವಿಧಾನದಲ್ಲಿ ಕೀಲಿನ ಹೊರಬದಿಯಲ್ಲಿ ಗಟ್ಟಿ ನೈಲಾನ್ ದಾರ ಕಟ್ಟಿ ಮೂಳೆಯನ್ನು ತಡೆಹಿಡಿಯುತ್ತಾರೆ. ಅಮೆರಿಕದ ಪಶುವೈದ್ಯ ಬಾರ್ಕ್ಲೆ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ವಿಧಾನದ ಯೋಚನೆಯೇ ಬೇರೆ. ನಾಯಿಯ ಕೆಳಗಾಲಿನ ಮೂಳೆಯ ತುದಿ ಹಿಂದಕ್ಕೆ ಸುಮಾರು 25 ಡಿಗ್ರಿ ಇಳಿಜಾರಾಗಿರುತ್ತದೆ. ಹೆಜ್ಜೆಯೂರಿದಾಗಲೆಲ್ಲ ತೊಡೆಮೂಳೆ ಆ ಇಳಿಜಾರಿನಲ್ಲಿ ಜಾರುತ್ತದೆ. ಮೂಳೆಯ ತುದಿಯನ್ನು ದುಂಡಗೆ ಕೊಯ್ದು, ತಿರುಗಿಸಿ, ಇಳಿಜಾರನ್ನು 5 ಡಿಗ್ರಿಯ ಆಸುಪಾಸಿಗೆ ತಂದು ಲೋಹದ ಪಟ್ಟಿ, ಸ್ಕ್ರೂಗಳಿಂದ ಬಿಗಿದರೆ ಜಾರಲು ಎಡೆಯೇ ಇರುವುದಿಲ್ಲ. ಟಿ.ಪಿ.ಎಲ್.ಓ. ಎಂದು ಹೆಸರಾದ ಇದನ್ನು ದೊಡ್ಡ ನಾಯಿಗಳಿಗೆ ಈಗ ಹೆಚ್ಚಾಗಿ ಸೂಚಿಸುತ್ತಾರೆ. ಇದಕ್ಕೆ ಪಳಗಿದ ಕೈ ಬೇಕು, ಖರ್ಚೂ ಸಣ್ಣದಲ್ಲ.

ಇಷ್ಟಾದರೂ ಕೆಲಸ ಅರ್ಧವಷ್ಟೇ ಮುಗಿದಂತೆ. ಉಳಿದರ್ಧ ಮನೆಯವರದು. ಕೊಯ್ದ ಮೂಳೆ ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ನಾಯಿಗೆ ನೋವು ತಗ್ಗುವುದು ಅದಕ್ಕಿಂತ ಬಹಳ ಮೊದಲೇ. ಮೂರನೆಯ ವಾರಕ್ಕೆ ಅದು ಬಾಲವಾಡಿಸುತ್ತ ಬಾಗಿಲಿಗೆ ಓಡಲು ನೋಡುತ್ತದೆ. ‘ಪಾಪ, ಎಷ್ಟು ದಿನ ಕಟ್ಟಿಹಾಕುವುದು’ ಎಂದು ಕರಗಿ ಚೈನು ಬಿಚ್ಚಿದ ಗಳಿಗೆಯೇ ಅಪಾಯದ ಗಳಿಗೆ. ಒಂದೇ ಜಿಗಿತಕ್ಕೆ ಸ್ಕ್ರೂ ಸಡಿಲಾಗಬಹುದು, ಮೂಳೆ ಬಿರಿಯಬಹುದು.

ಮೊದಲೆರಡು ವಾರ ನಾಯಿ ಚಿಕ್ಕ ಜಾಗದಲ್ಲೇ ಇರಬೇಕು. ಹೊಲಿಗೆ ನೆಕ್ಕದಂತೆ ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಕಾಲರ್ ಇರಲಿ. ಮಲಮೂತ್ರಕ್ಕೆ ಮಾತ್ರ ಚೈನಿನಲ್ಲಿ ಹೊರಗೆ. ಆಗ ಹಳೆಯ ಪಂಚೆಯನ್ನು ಮಡಿಸಿ ಹೊಟ್ಟೆಯಡಿ ಜೋಲಿಯಂತೆ ಹಿಡಿದರೆ ಕಾಲಿನ ಮೇಲೆ ಭಾರ ಬೀಳದು. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಜಮಖಾನೆಯನ್ನೋ ರಬ್ಬರ್ ಹಾಸನ್ನೋ ಹಾಸಬೇಕು. ಮೆಟ್ಟಿಲು, ಸೋಫಾ, ಕಾರಿನೊಳಕ್ಕೆ ನೆಗೆತ ಯಾವುದೂ ಕೂಡದು. ಹೊಲಿಗೆ ಬಿಚ್ಚಿದ ಮೇಲೆ ವೈದ್ಯರ ಸಲಹೆಯಂತೆ ಐದೈದು ನಿಮಿಷದ ನಿಧಾನ ನಡಿಗೆ ಆರಂಭಿಸಿ ವಾರವಾರವೂ ತುಸು ಹೆಚ್ಚಿಸಬಹುದು. ನಡಿಗೆಯೇ ಬೇಡವೆಂದರೆ ತೊಡೆಯ ಸ್ನಾಯು ಸೊರಗುತ್ತದೆ. ಎಂಟನೆಯ ವಾರದ ಸುಮಾರಿಗೆ ಎಕ್ಸ್‌-ರೇ ತೆಗೆದು ಮೂಳೆ ಕೂಡಿದೆಯೆಂದು ಖಚಿತವಾದ ಮೇಲಷ್ಟೇ ಹಂತಹಂತವಾಗಿ ಓಟ.

ಮನುಷ್ಯರ ನೋವಿನ ಮಾತ್ರೆಗಳನ್ನು ತಾವಾಗಿಯೇ ಕೊಡುವುದು ದೊಡ್ಡ ತಪ್ಪು. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲದು.

ಇನ್ನು ಊಟದ ವಿಚಾರ. ಓಡಾಟ ನಿಂತಿರುವಾಗ ಹಿಂದಿನಷ್ಟೇ ಅನ್ನ, ಮಾಂಸ ಹಾಕಿದರೆ ನಾಯಿ ದಪ್ಪಗಾಗುತ್ತದೆ. ಆ ಭಾರವನ್ನು ಹೊರಬೇಕಾದದ್ದು ಇನ್ನೊಂದು ಮಂಡಿ, ಅದೂ ಒಳಗೊಳಗೇ ಸವೆಯುತ್ತಿರಬಹುದು. ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ಬೆರಳಿಗೆ ಸಿಗುವಂತಿರಬೇಕು.

ತಾಳಿದವನು ಬಾಳಿಯಾನು ಎಂಬ ಮಾತು ನಾಯಿಗೆ ತಿಳಿಯದು. ಅದರ ಪರವಾಗಿ ತಾಳಬೇಕಾದವರು ಸಾಕಿದವರು. ಹಾಗೆ ತಾಳಿದ ಮನೆಗಳ ಬಹುಪಾಲು ನಾಯಿಗಳು ಆರು ತಿಂಗಳೊಳಗೆ ಮತ್ತೆ ಮೈದಾನಕ್ಕಿಳಿಯುತ್ತವೆ, ನಾಲ್ಕೂ ಕಾಲಿನಲ್ಲಿ.