ಸಕ್ಕರೆ ಎಷ್ಟಿದೆ ಎಂದು ಕೇಳುವವರು ಹೇಗಿದ್ದೀರಿ ಎಂದೂ ಕೇಳಲಿ



ಮದುವೆ-ಮುಂಜಿಗಳಲ್ಲಿ ನಾವು ಭೇಟಿಯಾದಾಗ ಮೊದಲೆಲ್ಲ ಮಳೆ-ಬೆಳೆಯ ಮಾತು ಬರುತ್ತಿತ್ತು. ಈಗ ಎರಡನೆಯ ಮಾತಿಗೇ ಸಕ್ಕರೆ ಕಾಯಿಲೆಯ ಪ್ರಸ್ತಾಪ ಬರುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಆ ಲೆಕ್ಕದಲ್ಲಿ ನಾನೂ ಒಬ್ಬ. ಹದಿನಾಲ್ಕು ವರ್ಷಗಳಿಂದ ಗುಳಿಗೆ ನುಂಗುತ್ತಿದ್ದೇನೆ. ನಮ್ಮ ಹಲಕುಂದಿಯಲ್ಲಿ ಸಂಜೆ ಕಟ್ಟೆಯ ಮೇಲೆ ಕೂಡುವ ಹಿರಿಯರಲ್ಲಿ ಗುಳಿಗೆಯ ಹಂಗಿಲ್ಲದವರನ್ನು ಬೆರಳೆಣಿಸಿ ಹೇಳಬಹುದು.

ಈ ಕಾಯಿಲೆಯ ಬಗ್ಗೆ ಬರುವ ಲೇಖನಗಳೆಲ್ಲ ಏನು ತಿನ್ನಬೇಕು, ಏನು ಬಿಡಬೇಕು ಎಂಬುದನ್ನೇ ಹೇಳುತ್ತವೆ. ಔಷಧಿಯೊಡನೆ ದಿನನಿತ್ಯ ಬದುಕುವುದು ಹೇಗಿರುತ್ತದೆ ಎಂಬುದನ್ನು ಹೇಳುವವರು ವಿರಳ. ಅದನ್ನೇ ಇಂದು ವಿಚಾರಿಸೋಣ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಲಿ. ಔಷಧಿ ನಮ್ಮ ಶತ್ರುವಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಸಾವಿನ ಅಂಚಿನಲ್ಲಿದ್ದ ಆತ ಮತ್ತೆ ಹದಿಮೂರು ವರ್ಷ ಬದುಕಿದ. ಮುಂದೆ 1977ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ನೀಡಿದ ದೀರ್ಘ ಅಧ್ಯಯನವೊಂದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳಿಗಾಗುವ ಹಾನಿ ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆ ಎಂದು ತೋರಿಸಿಕೊಟ್ಟಿತು. ಆದ್ದರಿಂದ ಬೇರು-ನಾರು ಕುಡಿಸಿ ಗುಳಿಗೆ ಬಿಡಿಸುತ್ತೇವೆನ್ನುವವರ ಮಾತಿಗೆ ಮರುಳಾಗದಿರಿ.

ಆದರೆ ಔಷಧಿ ಜೀವ ಉಳಿಸುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಕೊಡುವ ಕಷ್ಟದ ಮಾತನ್ನು ಎತ್ತಲೇಬಾರದೆ? ಎತ್ತಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಬಹುತೇಕರಿಗೆ ಕೊಡುವ ಮೊದಲ ಗುಳಿಗೆ ಮೆಟ್‌ಫಾರ್ಮಿನ್. 1957ರಿಂದ ಬಳಕೆಯಲ್ಲಿರುವ, ಅಗ್ಗದ, ಒಳ್ಳೆಯ ಔಷಧಿ. ಆದರೆ ಹಲವರಿಗೆ ಇದರಿಂದ ಹೊಟ್ಟೆ ಉಬ್ಬರ, ವಾಕರಿಕೆ, ಭೇದಿ ಆಗುತ್ತದೆ. ಮನೆಯಲ್ಲಿ ಕುಳಿತವನಿಗೆ ಅದು ಸಣ್ಣ ತೊಂದರೆ. ಬೆಳಿಗ್ಗೆ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಜೀನ್ಸ್ ಹೊಲಿಯುವ ಘಟಕದಲ್ಲಿ ದಿನವಿಡೀ ಕೂರಬೇಕಾದ ಹೆಣ್ಣುಮಗಳಿಗೆ, ಶೌಚಾಲಯವಿಲ್ಲದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವಳಿಗೆ ಅದು ಮಾನದ ಪ್ರಶ್ನೆ. ಊಟದೊಡನೆ ನುಂಗಿದರೆ, ಅಥವಾ ನಿಧಾನವಾಗಿ ಕರಗುವ ಬಗೆಯ ಗುಳಿಗೆಗೆ ಬದಲಿಸಿಕೊಂಡರೆ ಅನೇಕರಿಗೆ ಈ ತೊಂದರೆ ಕಡಿಮೆಯಾಗುತ್ತದೆ. ಆದರೆ ಹೇಳಿದರೆ ತಾನೆ ವೈದ್ಯರು ಬದಲಿಸುವುದು?

ಇದೇ ಗುಳಿಗೆಯನ್ನು ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಮಾಂಸಾಹಾರ ಮುಟ್ಟದ ನಮ್ಮ ಎಷ್ಟೋ ಮನೆಗಳಲ್ಲಿ ಅದು ಮೊದಲೇ ಕಡಿಮೆ. ಅಂಗಾಲು ಉರಿ, ಜೋಮು, ಆಯಾಸ ಕಂಡಾಗ ಸಕ್ಕರೆ ಕಾಯಿಲೆಯೇ ನರಗಳಿಗೆ ಇಳಿಯಿತೆಂದು ಕೈಚೆಲ್ಲಿ ಕೂರುತ್ತೇವೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುವ, ಬಿ12 ಕೊಟ್ಟರೆ ಸುಧಾರಿಸಬಹುದಾದ ಕಾರಣವೊಂದು ಇದೆಯೆಂದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಎರಡನೆಯದು ಸಕ್ಕರೆ ತೀರಾ ಇಳಿದುಬಿಡುವ ಭಯ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಗುಳಿಗೆಗಳೂ ಇನ್ಸುಲಿನ್ನೂ ನೀವು ಉಂಡಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ. ತಮ್ಮ ಕೆಲಸ ತಾವು ಮಾಡುತ್ತವೆ. ಶ್ರಾವಣ ಸೋಮವಾರದ ಒಪ್ಪತ್ತು, ಶಿವರಾತ್ರಿಯ ಜಾಗರಣೆ, ರಂಜಾನಿನ ರೋಜಾ, ಊಟದ ಹೊತ್ತು ಮೀರಿದ ಹೊಲದ ಕೆಲಸ ಇವೆಲ್ಲ ಆಗ ಅಪಾಯಕ್ಕೆ ದಾರಿಯಾಗುತ್ತವೆ. ಬೆವರು, ನಡುಕ, ಎದೆಬಡಿತ, ತೊದಲು ಮಾತು ಕಂಡು ಕುಡಿದಿದ್ದಾನೆಂದೋ ಗಾಳಿ ಸೋಕಿತೆಂದೋ ಭಾವಿಸಿದರೆ ಪ್ರಾಣಕ್ಕೇ ಕುತ್ತು. ಪ್ರಜ್ಞೆ ಇದ್ದರೆ ಕೂಡಲೇ ಮೂರು-ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಒಮ್ಮೆ ಹೀಗಾದವರು ಮುಂದೆ ಒಬ್ಬರೇ ಹೊರಗೆ ಹೋಗಲು, ರಾತ್ರಿ ಮಲಗಲು ಸಹ ಅಂಜುತ್ತಾರೆ. ಈ ಅಂಜಿಕೆ ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ.

ಮೂರನೆಯದು ಇನ್ಸುಲಿನ್. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಆದರೆ ಹೆಪ್ಪುಗಟ್ಟಿಸಬಾರದು. ನಮ್ಮ ಬಳ್ಳಾರಿಯ ಬೇಸಿಗೆಯಾದರೋ 40 ಡಿಗ್ರಿ ದಾಟುತ್ತದೆ; ಫ್ರಿಜ್ ಇಲ್ಲದ ಮನೆಗಳಿವೆ, ಇದ್ದರೂ ವಿದ್ಯುತ್ತು ಕೈಕೊಡುತ್ತದೆ. ಬಿಸಿಗೆ ಇನ್ಸುಲಿನ್ನಿನ ಶಕ್ತಿ ಕುಂದಿದರೆ ರೋಗಿ ತನ್ನ ಕಾಯಿಲೆಯೇ ಉಲ್ಬಣಿಸಿತೆಂದು ಕೊರಗುತ್ತಾನೆ. ನಿಮಗೆ ಒಂಬತ್ತನೆಯ ತರಗತಿಯಲ್ಲಿ ಬಾಷ್ಪೀಕರಣದ ಪಾಠ ಮಾಡಿದ್ದು ನೆನಪಿರಬಹುದು. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದೊಂದನ್ನಿಟ್ಟು, ನಡುವೆ ಮರಳು ತುಂಬಿ, ನೀರು ಹನಿಸುತ್ತ ನೆರಳಿನಲ್ಲಿಟ್ಟರೆ ಒಳಗೆ ತಂಪಾಗುತ್ತದೆ. ಅದು ಫ್ರಿಜ್ಜಿಗೆ ಸಮವಲ್ಲ, ಆದರೆ ಬಳಕೆಯಲ್ಲಿರುವ ಬಾಟಲಿಗೆ ಬರಿಯ ಗೂಡಿಗಿಂತ ಎಷ್ಟೋ ಮೇಲು.

ಗಣಿತದ ಲೆಕ್ಕವೂ ಒಂದಿದೆ. ನಮ್ಮಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎಂದು ಎರಡು ಬಗೆಯಲ್ಲಿ ಸಿಗುತ್ತದೆ. ಸಿರಿಂಜುಗಳೂ ಬೇರೆ ಬೇರೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು 10 ಅಲ್ಲ, 25 ಯೂನಿಟ್. ಕಣ್ಣು ಮಂಜಾದ ಅಜ್ಜಿಯ ಕೈಗೆ ಇದನ್ನು ಕೊಟ್ಟು, ವಿವರಿಸದೆ ಕಳುಹಿಸುವುದು ಚಿಕಿತ್ಸೆ ಎನಿಸದು.

ಹೊಸ ಔಷಧಿಗಳೂ ಬಂದಿವೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಎಂಪಾಗ್ಲಿಫ್ಲೋಜಿನ್ ಹೃದಯ, ಮೂತ್ರಪಿಂಡಗಳಿಗೂ ಹಿತಕಾರಿ. 2025ರ ಮಾರ್ಚಿನಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಸುಮಾರು 60 ರೂಪಾಯಿಯಿದ್ದ ಒಂದು ಗುಳಿಗೆ 10 ರೂಪಾಯಿಯ ಆಸುಪಾಸಿಗೆ ಇಳಿದದ್ದು ಸಂತೋಷದ ಸಂಗತಿ. ಆದರೆ ಪದೇ ಪದೇ ಮೂತ್ರ, ಗುಪ್ತಾಂಗದ ತುರಿಕೆ ಇದರ ಜೊತೆ ಬರಬಹುದು. ನಮ್ಮ ಹೆಣ್ಣುಮಕ್ಕಳು ಇದನ್ನು ಗಂಡನಿಗೇ ಹೇಳುವುದಿಲ್ಲ, ವೈದ್ಯರಿಗೆ ಎಲ್ಲಿಂದ ಹೇಳಬೇಕು? ಸದ್ದಿಲ್ಲದೆ ಗುಳಿಗೆ ಬಿಡುತ್ತಾರೆ.

ಸದ್ದಿಲ್ಲದೆ ಬಿಡುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರು ಬಸ್ಸಿನಲ್ಲಿ ಹೊಟ್ಟೆ ಕೆಡುವ ಭಯದಿಂದ ಗುಳಿಗೆಯನ್ನು ವಾರದಲ್ಲಿ ಎರಡು ದಿನ ಮಾತ್ರ ನುಂಗುತ್ತಿದ್ದರು. ವೈದ್ಯರೆದುರು ಮಾತ್ರ "ತಪ್ಪದೆ ತಗೊಳ್ತೀನಿ" ಎನ್ನುತ್ತಿದ್ದರು. ಅಂಕಿ ಇಳಿಯಲಿಲ್ಲವೆಂದು ವೈದ್ಯರು ಎರಡನೆಯ ಗುಳಿಗೆ ಸೇರಿಸಿದರು, ಆಮೇಲೆ ಅದರ ಪ್ರಮಾಣ ಹೆಚ್ಚಿಸಿದರು. ಕೊನೆಗೆ ರಜೆಗೆ ಬಂದ ಮಗಳು ಕಾಳಜಿಯಿಂದ, ಚೀಟಿಯಲ್ಲಿದ್ದಂತೆ ಎಲ್ಲವನ್ನೂ ದಿನವೂ ಕೊಡತೊಡಗಿದಳು. ನಾಲ್ಕನೆಯ ದಿನ ನಸುಕಿನಲ್ಲಿ ಅವರು ಬಚ್ಚಲ ಮನೆಯಲ್ಲಿ ಕುಸಿದು ಬಿದ್ದರು. ಜೀವ ಉಳಿಯಿತು, ತೊಡೆಯ ಮೂಳೆ ಮುರಿಯಿತು. ಅಲ್ಲಿ ಮಗಳ ತಪ್ಪಿಲ್ಲ, ವೈದ್ಯರದೂ ಇಲ್ಲ. ಹೇಳದೇ ಉಳಿದ ಒಂದು ಮಾತಿನ ಫಲ ಅದು.

ಅಡ್ಡಪರಿಣಾಮಗಳ ಮಾತೆತ್ತಿದರೆ ಜನ ಔಷಧಿಯನ್ನೇ ಬಿಟ್ಟಾರೆಂದು ಕೆಲವರು ಆಕ್ಷೇಪಿಸುತ್ತಾರೆ. ನಾನು ಕಂಡಂತೆ ಜನ ಈಗಾಗಲೇ ಬಿಡುತ್ತಿದ್ದಾರೆ, ಕದ್ದು ಬಿಡುತ್ತಿದ್ದಾರೆ. ಮಾತನಾಡಿದರೆ ಬದಲಿ ದೊರೆಯುತ್ತದೆ, ಮುಚ್ಚಿಟ್ಟರೆ ದೊರೆಯುವುದಿಲ್ಲ. ನೂರಾರು ರೋಗಿಗಳ ಸಾಲಿನೆದುರು ಕುಳಿತ ವೈದ್ಯರಿಗೆ ವ್ಯವಧಾನ ಎಲ್ಲಿದೆ ಎಂಬ ಇನ್ನೊಂದು ಮಾತು ನಿಜವೇ. ಅದಕ್ಕಾಗಿಯೇ ನಾವು ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಂಡು ಹೋಗಬೇಕು: ಯಾವ ಗುಳಿಗೆಯನ್ನು ನಿಜವಾಗಿ ಎಷ್ಟು ದಿನ ನುಂಗಿದೆ, ಅದರಿಂದ ಏನು ತೊಂದರೆಯಾಯಿತು, ತಲೆ ತಿರುಗಿ ಬೆವರಿದ್ದು ಯಾವಾಗ. ಓದಲು ಅರ್ಧ ನಿಮಿಷ ಸಾಕು.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ಔಷಧಿ ಅಂಗಡಿ ಇಟ್ಟವರು, ಆಶಾ ಕಾರ್ಯಕರ್ತೆಯರಾದವರು ಇದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಅಂಕಿಯ ಜೊತೆಗೆ ಮನುಷ್ಯನನ್ನೂ ವಿಚಾರಿಸಿ. ಸಾಮಾನ್ಯವಾಗಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7ಕ್ಕಿಂತ ಕೆಳಗಿರಲೆನ್ನುತ್ತಾರೆ. ಆದರೆ ಹಲವು ಕಾಯಿಲೆಗಳಿಂದ ಬಳಲುವ ವೃದ್ಧರಿಗೆ 8ರವರೆಗೆ ಸಡಿಲಿಸಬಹುದೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಹೇಳುತ್ತದೆ. ಎಂಬತ್ತರ ಮುದುಕನಿಗೂ ನಲವತ್ತರ ಯುವಕನಿಗೂ ಒಂದೇ ಗುರಿ ಇಡುವುದು, ಒಂದನೆಯ ತರಗತಿಗೂ ಹತ್ತನೆಯ ತರಗತಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಂತೆ.

ನಮ್ಮ ರಾಜ್ಯದಲ್ಲಿ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾಗಿ ಮರುವರ್ಷ ಇತರ ಜಿಲ್ಲೆಗಳಿಗೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯು ಮನೆಬಾಗಿಲಿನಲ್ಲೇ ಸಕ್ಕರೆ, ರಕ್ತದೊತ್ತಡ ತಪಾಸಣೆಯ ಉದ್ದೇಶ ಹೊಂದಿದೆ. ಒಳ್ಳೆಯದು. ಮನೆಗೆ ಬಂದವರು ಬೆರಳು ಚುಚ್ಚಿ ಅಂಕಿ ಬರೆದುಕೊಳ್ಳುವುದರ ಜೊತೆಗೆ, ಗುಳಿಗೆ ಹೊಂದುತ್ತಿದೆಯೇ ಎಂದೂ ಕೇಳಿದರೆ ಯೋಜನೆಯ ಬೆಲೆ ಇಮ್ಮಡಿಯಾದೀತು.

ಮನೆಯವರಿಗೂ ಒಂದು ಮಾತು. ಯುಗಾದಿಯ ದಿನ ಹಿರಿಯರ ಎಲೆಯನ್ನು ಬೇರೆ ಹಾಕಿ, ಹೋಳಿಗೆಯನ್ನು ಅವರೆದುರೇ ಹಾಯಿಸಿಕೊಂಡು ಹೋಗಬೇಡಿ. ಅರ್ಧ ಹೋಳಿಗೆ ಬಡಿಸಿ, ಅನ್ನ ಒಂದು ತುತ್ತು ಕಡಿಮೆ ಮಾಡಿ. ಊಟದ ಹೊತ್ತು ತಪ್ಪಿಸಬೇಡಿ. ಮುಂದಿನ ಭಾನುವಾರ ತಂದೆ-ತಾಯಿಗೆ ಫೋನು ಮಾಡಿದಾಗ "ಶುಗರ್ ಎಷ್ಟೈತಿ" ಎಂದು ಕೇಳಿದ ಮೇಲೆ, "ಗುಳಿಗಿ ಹೊಂದ್ಯಾವೇನು, ರಾತ್ರಿ ನಿದ್ದಿ ಬರತೈತೇನು" ಎಂದೂ ಕೇಳಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿದೀತು. ಫೋನು ಇಡದೆ ಕಾಯಿರಿ.